ಕಣ್ಮುಂದೆ ನಡೀದ ಟ್ರೈನಿಂಗ್‌ಗೆ ನಾಯೀನ ಬಿಡ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರದ ಪುರವಣೀಲಿ ನಾಯಿಗೆ ಟ್ರೈನರ್ ಹುಡುಕೋದು ಹೇಗೆ ಅಂತ ಒಂದು ಲೇಖನ ಬಂದಿತ್ತಲ್ಲ, ಅದನ್ನ ಓದಿ ಸುಮ್ನಿರೋಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದು ನಿಮಗೆ ಬಿಟ್ಟಿದ್ದು. ಬರೆದವ್ರ ಉದ್ದೇಶ ಒಳ್ಳೇದೇ. ನಾಯಿ ಸಾಕಿರೋರು ಗೊತ್ತಿರೋರ ಸಹಾಯ ತಗೋಬೇಕು ಅನ್ನೋದ್ರಲ್ಲಿ ನಂದೇನೂ ತಕರಾರಿಲ್ಲ, ನಾವೂ ತಗೊಂಡಿದೀವಿ. ಆದ್ರೆ ಅದ್ರಲ್ಲಿ ಒತ್ತಿ ಒತ್ತಿ ಹೇಳಿರೋದೇನು, ಗ್ಯಾರಂಟಿ ಕೊಡೋ ಟ್ರೈನರ್‌ನೇ ಹುಡುಕಿ, ನಾಯೀನ ಕೆಲವು ವಾರ ಅವ್ರ ಹತ್ರಾನೇ ಬಿಟ್ಬಿಡಿ, ಮಧ್ಯೆ ಹೋಗಿ ನೋಡ್ಬೇಡಿ, ನೋಡಿದ್ರೆ ಅದಕ್ಕೆ ಡಿಸ್ಟರ್ಬ್ ಆಗುತ್ತೆ. ಈ ಕೊನೇ ಮಾತು ಓದಿ ನನಗೆ ಪಿತ್ತ ನೆತ್ತಿಗೇರಿತು. ನಾನು ಹೇಳೋದು ಪೂರ್ತಿ ಉಲ್ಟಾ. ನಿಮ್ಮ ಕಣ್ಮುಂದೆ ಮಾಡೋಕಾಗದಂಥ ಯಾವ ಟ್ರೈನಿಂಗೂ ನಿಮ್ಮ ನಾಯಿಗೆ ಬೇಡ.

ಮಿಕ್ಸಿ ಕೆಟ್ಟೋದ್ರೆ ಅಂಗಡಿಗೆ ಕೊಟ್ಟು ರಿಪೇರಿ ಆದ್ಮೇಲೆ ತಂದ್ಕೊಳ್ಳೋ ಹಾಗೆ ನಾಯೀನ ಕೊಟ್ಟು ತರೋಕಾಗಲ್ಲ. ಯಾಕಂದ್ರೆ ನಾಯಿ ಒಂದು ಜಾಗದಲ್ಲಿ ಕಲಿತಿದ್ದನ್ನ ಇನ್ನೊಂದು ಜಾಗಕ್ಕೆ ತಾನಾಗೇ ಹೊತ್ಕೊಂಡು ಬರಲ್ಲ. ಟ್ರೈನರ್ ಗ್ರೌಂಡಲ್ಲಿ, ಟ್ರೈನರ್ ದನಿಗೆ, ಟ್ರೈನರ್ ಕೈ ಹಿಂಗೆ ಎತ್ತಿದಾಗ ಕೂತ್ಕೊಳ್ಳೋದನ್ನ ಕಲ್ತಿರುತ್ತೆ ಅಷ್ಟೇ. ಅದೇ ನಾಯಿ ನಿಮ್ಮನೆ ಬಾಗಿಲ ಹತ್ರ, ಬೆಲ್ ಹೊಡೀತಿರುವಾಗ, ಮಕ್ಕಳು ಓಡ್ಕೊಂಡು ಬರ್ತಿರುವಾಗ, ನೀವು ಕೈಯಲ್ಲಿ ಚೀಲ ಹಿಡ್ಕೊಂಡು ಕೂತ್ಕೋ ಕೂತ್ಕೋ ಅಂತ ಕೂಗಿದ್ರೆ ಅದಕ್ಕೆ ಅದು ಬೇರೇನೇ ಪಾಠ. ಹಟ ಮಾಡ್ತಿದೆ ಅಂತ ನಾವಂದ್ಕೋತೀವಿ, ಪಾಪ ಅದಕ್ಕೆ ಆ ಪಾಠ ಯಾರೂ ಹೇಳ್ಕೊಟ್ಟೇ ಇರಲ್ಲ. ಅದಕ್ಕೇ ಒಳ್ಳೇ ಟ್ರೈನರ್‌ಗಳು ನಾಯಿಯಿಂದ ಎಷ್ಟು ದೂರ ನಿಲ್ಲೋದು, ಎಷ್ಟು ಹೊತ್ತು ಕೂರಿಸೋದು, ಸುತ್ತ ಎಷ್ಟು ಗಲಾಟೆ ಇರ್ಬೇಕು ಅಂತ ಮೂರನ್ನೂ ಬೇರೆ ಬೇರೆಯಾಗಿ ಹೆಚ್ಚಿಸ್ತಾರೆ, ಒಂದನ್ನ ಹೆಚ್ಚಿಸುವಾಗ ಇನ್ನೆರಡನ್ನ ಇಳಿಸ್ತಾರೆ, ಮತ್ತೆ ಜಾಗ ಬದಲಾದಾಗ ಹೆಚ್ಚುಕಮ್ಮಿ ಮೊದಲಿಂದ ಶುರು ಮಾಡ್ತಾರೆ. ಇದನ್ನೆಲ್ಲ ನಿಮ್ಮನೇಲಿ ನೀವಿಲ್ದೆ ಯಾರು ಮಾಡ್ತಾರೆ ಹೇಳಿ.

ಕಣ್ಣು ಕಾಣದವರಿಗೆ ದಾರಿ ತೋರೋ ಗೈಡ್ ನಾಯಿಗಳಿದಾವಲ್ಲ, ಅವುಗಳನ್ನ ತಿಂಗಳುಗಟ್ಟಲೆ ವೃತ್ತಿಯವರೇ ತಯಾರು ಮಾಡ್ತಾರೆ ಆಗ ಒಡೆಯರು ಜೊತೇಲಿರಲ್ಲವಲ್ಲ ಅಂತ ಯಾರಾದ್ರೂ ಕೇಳ್ಬಹುದು. ನಿಜ. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡ ಸೈನಿಕರಿಗೋಸ್ಕರ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ಶಾಲೆ ಶುರುವಾಯ್ತು, 1929ರಲ್ಲಿ ಅಮೆರಿಕದಲ್ಲಿ ಡೊರೊಥಿ ಯೂಸ್ಟಿಸ್ ಮತ್ತೆ ಮೋರಿಸ್ ಫ್ರಾಂಕ್ ಸೇರಿ ಸೀಯಿಂಗ್ ಐ ಅನ್ನೋ ಸಂಸ್ಥೆ ಕಟ್ಟಿದ್ರು. ಆದ್ರೆ ಗಮನಿಸಿ, ಅಷ್ಟು ಪಳಗಿದ ನಾಯೀನೂ ಅವ್ರು ಹಗ್ಗ ಕೈಗಿಟ್ಟು ಹೋಗ್ಬನ್ನಿ ಅಂತ ಕಳಿಸಲ್ಲ. ನಾಯಿ ಪಡೆಯೋ ವ್ಯಕ್ತಿ ಆ ನಾಯಿ ಜೊತೆ ವಾರಗಟ್ಟಲೆ ದಿನಾ ನಡೆದು ಕಲೀಬೇಕು, ಅದಾದ್ಮೇಲೇ ಅದು ಅವರ ನಾಯಿ. ರಸ್ತೆ ದಾಟಿಸೋ ನಾಯಿಗೇ ಈ ಕಟ್ಟುನಿಟ್ಟು, ಇನ್ನು ಸೋಫಾ ಮೇಲೆ ಹಾರೋ ನಮ್ಮ ನಾಯಿಗಳದ್ದೇನು!

ಇನ್ನು ಕಣ್ಮರೇಲಿ ಏನು ನಡೆಯುತ್ತೆ ಅನ್ನೋ ವಿಷ್ಯ. ನಾನು ಎಲ್ರನ್ನೂ ಅನುಮಾನಿಸ್ತಿಲ್ಲ, ನಾಯೀನ ಮನೇಲಿಟ್ಕೊಂಡು ಪ್ರೀತಿಯಿಂದ ಕಲಿಸಿ, ದಿನಾ ವಿಡಿಯೋ ಕಳಿಸಿ, ಆಮೇಲೆ ಮನೆಗೇ ಬಂದು ಎಲ್ರಿಗೂ ಹೇಳ್ಕೊಡೋರೂ ಇದಾರೆ. ಆದ್ರೆ ಪ್ರಪಂಚದ ಹೆಚ್ಚಿನ ದೇಶಗಳಲ್ಲಿ ನಾಯಿ ಟ್ರೈನರ್ ಆಗೋಕೆ ಯಾವ ಲೈಸೆನ್ಸೂ ಬೇಡ, ಇವತ್ತು ಬೋರ್ಡ್ ಬರೆಸಿದ್ರೆ ನಾಳೆಯಿಂದ ಟ್ರೈನರ್. ಜರ್ಮನಿ 2014ರಿಂದ ಹಣ ತಗೊಂಡು ನಾಯಿ ಟ್ರೈನ್ ಮಾಡೋರು ಪ್ರಾಣಿ ರಕ್ಷಣೆ ಕಾನೂನಿನ ಕೆಳಗೆ ಅನುಮತಿ ಪಡೀಲೇಬೇಕು ಅಂತ ಮಾಡಿದೆ. ಹೆಚ್ಚಿನ ಕಡೆ ಸರ್ಟಿಫಿಕೇಟ್ ಅನ್ನೋದು ಟ್ರೈನರ್ ತಾವಾಗೇ ಇಷ್ಟಪಟ್ಟು ತಗೊಳ್ಳೋದು. ಸಿಸಿಪಿಡಿಟಿ ಅಂತ 2001ರಲ್ಲಿ ಶುರುವಾದ, ನಾಯಿ ಟ್ರೈನರ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಒಂದು ಸಂಸ್ಥೆ ಇದೆ, ಕನಿಷ್ಠ 300 ಗಂಟೆ ಟ್ರೈನಿಂಗ್ ಅನುಭವ ತೋರಿಸಿ ಪರೀಕ್ಷೆ ಪಾಸ್ ಮಾಡ್ಬೇಕು. ಅಂಥದ್ದು ಇದ್ರೆ ಒಳ್ಳೇದು. ಇಲ್ದಿದ್ರೂ ಚೆನ್ನಾಗಿ ಕೆಲ್ಸ ಮಾಡೋರು ಇದಾರೆ, ಇದ್ದೂ ಹೊಡಿಯೋರೂ ಇರ್ಬಹುದು. ಅಂದ್ಮೇಲೆ ಕೊನೆಗೆ ಉಳಿಯೋ ಪರೀಕ್ಷೆ ಒಂದೇ, ನಿಮ್ಮ ಕಣ್ಣು.

ಆ ಲೇಖನದ ಜೊತೆಗೇ ಒಂದು ಫೋಟೋ ಹಾಕಿದ್ರಿ, ಟ್ರೈನರ್ ಕಾಲ ಹತ್ರ ಕೂತಿರೋ ನಾಯಿ, ಕೆಳಗೆ ವಿಧೇಯ ವಿದ್ಯಾರ್ಥಿ ಅಂತ ಬರೆದಿದ್ರಿ. ಪುರವಣಿ ಮನೇಲಿದ್ರೆ ಇನ್ನೊಂದ್ಸಲ ತೆಗ್ದು ನೋಡಿ. ಕಿವಿ ಎರಡೂ ತಲೆಗೆ ಅಂಟ್ಕೊಂಡಿದೆ. ಬಾಯಿ ಬಿಗಿಯಾಗಿ ಮುಚ್ಚಿದೆ, ನಾಲಿಗೆ ತುದಿ ಮೂಗಿನ ಹತ್ರ ಹೋಗಿದೆ, ಮುಖ ಒಂದು ಕಡೆ ತಿರುಗಿದೆ ಆದ್ರೆ ಕಣ್ಣು ಮಾತ್ರ ಟ್ರೈನರ್ ಕೈ ಮೇಲೇ ಇದೆ, ಅದಕ್ಕೇ ಕಣ್ಣಿನ ಬಿಳಿ ಅರ್ಧಚಂದ್ರದ ಥರ ಕಾಣ್ತಿದೆ. ಮೈಯ ಭಾರ ಎಲ್ಲ ಹಿಂದಕ್ಕೆ. ಇದು ವಿಧೇಯತೆ ಅಲ್ಲ, ಹೆದರಿಕೆ. ಒಂದೇ ಫೋಟೋದಿಂದ ಪೂರ್ತಿ ತೀರ್ಪು ಕೊಡೋಕಾಗಲ್ಲ ಒಪ್ತೀನಿ, ಬಿಸಿಲಿಗೂ ಮುಖ ತಿರುಗಿಸಿರ್ಬಹುದು, ಆದ್ರೆ ಇಷ್ಟೂ ಲಕ್ಷಣ ಒಟ್ಟಿಗೆ ಇದ್ದಾಗ ನಾಯಿ ಬಲ್ಲೋರು ಯಾರೂ ಅದಕ್ಕೆ ಶಭಾಷ್ ಅನ್ನಲ್ಲ. ಟ್ರೈನಿಂಗ್‌ಗೆ ಹೋಗಿ ಬಂದ ನಾಯಿ ಮನೆಗೆ ಬಂದ್ಮೇಲೆ ಮೂಲೇಲಿ ಸುಮ್ನೆ ಮಲಗಿರುತ್ತೆ, ಆಟ ಇಲ್ಲ, ಕುಣಿತ ಇಲ್ಲ, ಎಷ್ಟು ಶಾಂತ ಆಗ್ಬಿಟ್ಟಿದೆ ನೋಡಿ ಅಂತ ಮನೆಯವ್ರು ಖುಷಿ ಪಡ್ತಾರೆ. ಏನು ಮಾಡಿದ್ರೂ ಏಟು ಬೀಳುತ್ತೆ ಅಂತಾದಾಗ ಏನೂ ಮಾಡದೇ ಇರೋದೇ ಸೇಫ್ ಅಂತ ಕಲ್ತಿರೋ ನಾಯೀನೂ ಹೊರಗಿಂದ ನೋಡೋಕೆ ಹಾಗೇ ಕಾಣೋದು.

ನಮ್ಮನೆ ಕಥೆ ಸ್ವಲ್ಪ ಹೇಳ್ತೀನಿ, ಬರೀ ಬೈದು ಹೋಗೋದಕ್ಕಿಂತ ಒಳ್ಳೇ ಕೆಲ್ಸ ಹೇಗಿರುತ್ತೆ ಅಂತ ತೋರ್ಸೋದು ವಾಸಿ. ನಮ್ಮ ನಾಯಿಗೆ ಎರಡು ತೊಂದ್ರೆ ಇತ್ತು, ಬೆಲ್ ಆದ್ರೆ ಮನೆ ತಲೆಮೇಲೆ ಹೊತ್ಕೊಳ್ಳೋದು, ಮತ್ತೆ ಇತ್ತೀಚೆಗೆ ಬೆಲ್ಟ್ ಹಾಕೋಕೆ ಹೋದ್ರೆ ಗುರ್ ಅನ್ನೋದು. ಫೋನ್ ಮಾಡಿದ ತಕ್ಷಣ ಆ ಟ್ರೈನರ್ ಬರ್ತೀನಿ ಅನ್ಲೇ ಇಲ್ಲ. ಎಷ್ಟು ಹೊತ್ತು ಮಲಗುತ್ತೆ, ಯಾರು ವಾಕಿಂಗ್ ಕರ್ಕೊಂಡು ಹೋಗ್ತೀರಿ, ಗುರ್ ಅನ್ನೋದು ಯಾವಾಗಿಂದ, ಯಾವ ಕಡೆ ಕೈ ಹೋದಾಗ, ಎಲ್ಲ ಕೇಳಿ ಮೊದಲು ವೆಟ್ ಹತ್ರ ಕರ್ಕೊಂಡು ಹೋಗಿ, ಕಿವಿ, ಕತ್ತು, ಸೊಂಟ ಎಲ್ಲ ನೋಡೋಕೆ ಹೇಳಿ, ಆಮೇಲೆ ಮಾತಾಡೋಣ ಅಂದ್ರು. ನೋಡಿದ್ರೆ ಕಿವೀಲಿ ಇನ್ಫೆಕ್ಷನ್. ಬೆಲ್ಟ್ ಕಿವಿ ಮೇಲಿಂದ ಜಾರ್ಸುವಾಗ ಅದಕ್ಕೆ ಪ್ರಾಣ ಹೋಗ್ತಿತ್ತು, ಅದಕ್ಕೇ ಗುರ್ ಅಂತಿತ್ತು. ಇದೇ ನಾಯೀನ ಗ್ಯಾರಂಟಿಯವ್ರ ಹತ್ರ ಬಿಟ್ಟಿದ್ರೆ ಗುರ್ ಅಂದಿದ್ದಕ್ಕೆ ಚೈನ್ ಎಳೆದು ಬುದ್ಧಿ ಕಲಿಸ್ತಿದ್ರೋ ಏನೋ. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂಗೆ ಬದಲಾದ್ರೆ ಮೊದಲು ನೋವು ಹುಡುಕ್ಬೇಕು, ಕಿವಿ, ಹಲ್ಲು, ಕೀಲು, ಎಲ್ಲಿ ಬೇಕಾದ್ರೂ ಇರ್ಬಹುದು. ಇದನ್ನ ನಿಮ್ಮ ಲೇಖನದಲ್ಲಿ ಒಂದು ಸಾಲಲ್ಲೂ ಹೇಳಿಲ್ಲ.

ಆಮೇಲೆ ಬೆಲ್ಲಿನ ಪಾಠ. ಬೆಲ್ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ನಾಯಿ ಕಿವಿ ಆಡಿಸಿ ಬಿಟ್ಟುಬಿಡುವಷ್ಟೇ ಸಣ್ಣ ದನೀಲಿ ಹಾಕೋದು, ಸದ್ದು ಆದ್ಮೇಲೆ ಟ್ರೀಟ್ ಕೊಡೋದು. ಅಷ್ಟೇನಾ ಅನ್ಸುತ್ತೆ. ನಮ್ಮನೆಯವ್ರು ಮಾಡಿದ್ರೆ ಕೆಲ್ಸಾನೇ ಆಗ್ತಿರ್ಲಿಲ್ಲ. ಟ್ರೈನರ್ ಮೂಲೇಲಿ ಕುರ್ಚಿ ಹಾಕ್ಕೊಂಡು ನಾಯೀನ ಬಿಟ್ಟು ಇವ್ರ ಕೈಯನ್ನೇ ನೋಡ್ತಾ ಕೂತ್ರು. ನೋಡಿದ್ರೆ ಇವ್ರ ಎಡಗೈ ಫೋನ್ ಒತ್ತೋದಕ್ಕಿಂತ ಒಂದು ಕ್ಷಣ ಮೊದಲೇ ಬಲಗೈ ಟ್ರೀಟ್ ಚೀಲದೊಳಗೆ ಇಳೀತಿತ್ತು. ನಾಯಿ ಬೆಲ್ ಕೇಳಿಸ್ಕೊಳ್ತಾನೇ ಇಲ್ಲ, ಅದರ ಕಣ್ಣು ಚೀಲದ ಮೇಲೆ. ಕೈ ಬೆನ್ನ ಹಿಂದೆ ಇಟ್ಕೊಳ್ಳಿ, ಸದ್ದು ಆಗ್ಲಿ, ಮನಸಲ್ಲಿ ಒಂದು ಅನ್ಕೊಳ್ಳಿ, ಆಮೇಲೆ ಕೈ ಅಲ್ಲಾಡ್ಲಿ ಅಂದ್ರು. ಅವತ್ತೇ ವ್ಯತ್ಯಾಸ ಕಾಣಿಸ್ತು, ಸದ್ದಾದ ಕೂಡ್ಲೇ ಬಾಗಿಲ ಕಡೆ ಓಡೋ ಬದಲು ನಮ್ಮ ಮುಖ ನೋಡೋಕೆ ಶುರು ಮಾಡ್ತು. ರಷ್ಯಾದ ಪಾವ್ಲೋವ್ ನೂರು ವರ್ಷದ ಹಿಂದೆ ನಾಯಿಗಳ ಮೇಲೇ ತೋರಿಸಿದ್ದು ಇದನ್ನೇ, ಮೊದಲು ಸದ್ದು ಆಮೇಲೆ ಊಟ, ಹಿಂದೆಮುಂದೆ ಆದ್ರೆ ಕಲಿಕೆ ಹತ್ತಲ್ಲ. ಶಾಲೇಲಿ ನಾವೆಲ್ಲ ಓದಿ ಮಾರ್ಕ್ಸ್ ತಗೊಂಡಿರೋ ಪಾಠ ಇದು, ಕೈಗೆ ಮಾತ್ರ ಗೊತ್ತಿಲ್ಲ. ಕ್ಲಿಕ್ಕರ್ ಅಂತ, ನಾಯಿ ಸರಿಯಾಗಿ ಮಾಡಿದ್ದನ್ನ ಕ್ಲಿಕ್ ಸದ್ದಿಂದ ತಿಳಿಸೋ ಪುಟ್ಟ ಸಾಧನ ಹಿಡ್ದು ಟ್ರೈನ್ ಮಾಡೋರದ್ದೂ ಇದೇ ಗೋಳು, ನಾಯಿಯ ಹಿಂಭಾಗ ನೆಲಕ್ಕೆ ತಾಗಿದ ಕ್ಷಣದಲ್ಲೇ ಕ್ಲಿಕ್ ಆಗ್ಬೇಕು, ಸ್ವಲ್ಪ ತಡ ಆಗಿ ಅದು ಏಳುವಾಗ ಕ್ಲಿಕ್ ಆದ್ರೆ ನೀವು ಹೇಳ್ಕೊಟ್ಟಿದ್ದು ಏಳೋದನ್ನ. ನಾವು ದುಡ್ಡು ಕೊಡೋದು ಈ ಕಣ್ಣಿಗೆ, ನಮ್ಮ ಕೈಯ ತಪ್ಪನ್ನ ಹಿಡಿಯೋ ಕಣ್ಣಿಗೆ. ನಾಯೀನ ಬೇರೆ ಕಡೆ ಕಳಿಸಿದ್ರೆ ಆ ಕಣ್ಣು ನಮ್ಮ ಕೈಯನ್ನ ನೋಡೋದೆಲ್ಲಿ?

ಲೇಖನದಲ್ಲಿ ಇನ್ನೊಂದು ಮಾತಿತ್ತು, ನಾಯಿ ತೋಳದ ಜಾತಿ, ಗುಂಪಿಗೆ ಒಬ್ಬ ನಾಯಕ ಇರ್ತಾನೆ, ನೀವೇ ಆಲ್ಫಾ ಅಂತ ತೋರಿಸದಿದ್ರೆ ಅದು ತಲೆ ಮೇಲೆ ಕೂರುತ್ತೆ, ಅದಕ್ಕೆ ಬೇಕಾದ್ರೆ ನೆಲಕ್ಕೆ ಉರುಳಿಸಿ ಅದುಮಿ ಹಿಡೀಬೇಕು. ದಯವಿಟ್ಟು ಇದನ್ನ ಯಾರೂ ಮನೇಲಿ ಮಾಡ್ಬೇಡಿ, ಮುಖಕ್ಕೇ ಕಚ್ಚಿಸ್ಕೊಳ್ತೀರಿ. ಈ ಆಲ್ಫಾ ಕಥೆ ಬಂದಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಬರೆದ ಅಧ್ಯಯನದಿಂದ, ಅವ್ರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನ. ಅದನ್ನ 1970ರಲ್ಲಿ ತಮ್ಮ ಪುಸ್ತಕದಲ್ಲಿ ಜನಪ್ರಿಯ ಮಾಡಿದ ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರೇ ಕಾಡಲ್ಲಿ ವರ್ಷಗಟ್ಟಲೆ ತೋಳ ನೋಡಿ 1999ರಲ್ಲಿ ಬರೆದ್ರು, ಕಾಡಿನ ತೋಳದ ಗುಂಪು ಅಂದ್ರೆ ಹೆಚ್ಚಾಗಿ ಅಪ್ಪ ಅಮ್ಮ ಮರಿಗಳ ಒಂದು ಸಂಸಾರ, ಅಲ್ಲಿ ಜಗಳ ಆಡಿ ಗೆದ್ದು ಆಲ್ಫಾ ಆಗೋ ಪದ್ಧತಿ ಇಲ್ಲ ಅಂತ. ಹಳೇ ಪುಸ್ತಕ ಅಚ್ಚು ಹಾಕೋದು ನಿಲ್ಸಿ ಅಂತ ಪ್ರಕಾಶಕರಿಗೂ ಅವ್ರೇ ಕೇಳ್ಕೊಂಡಿದಾರೆ. ಹೇಳಿದವ್ರೇ ವಾಪಸ್ ತಗೊಂಡಿರೋ ಮಾತನ್ನ ನಮ್ಮ ಪೇಪರ್ ಈಗ ಹೊಸದಾಗಿ ಹಂಚೋದ್ಯಾಕೆ? ಸೋಫಾ ಮೇಲೆ ಕೂರೋ ನಾಯಿಗೆ ನಿಮ್ಮ ಸಿಂಹಾಸನ ಬೇಕಾಗಿಲ್ಲ, ಮೆತ್ತಗಿದೆ ಅದಕ್ಕೆ ಕೂರುತ್ತೆ.

ಶಾಕ್ ಕೊಡೋ ಕಾಲರ್ ವಿಷ್ಯ ಅಂತೂ ಲೇಖನದಲ್ಲಿ ಮಾಡರ್ನ್ ಟೆಕ್ನಾಲಜಿ ಅಂತ ಹೊಗಳಿದಾರೆ. ವೇಲ್ಸ್ ದೇಶ 2010ರಲ್ಲೇ ಅದನ್ನ ನಿಷೇಧ ಮಾಡಿದೆ. ಹಿಂಸೆ ಆದ್ರೂ ಕೆಲ್ಸ ಆಗುತ್ತಲ್ಲ ಅನ್ನೋರಿಗೆ, ಬ್ರಿಟನ್ನಿನ ಲಿಂಕನ್ ಯೂನಿವರ್ಸಿಟಿಯವ್ರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಕರೆದ್ರೆ ಬಾರದ 63 ನಾಯಿಗಳನ್ನ ಮೂರು ಗುಂಪು ಮಾಡಿದ್ರು, ಶಾಕ್ ಕಾಲರ್ ಗುಂಪಿಗೆ ಅದರಲ್ಲಿ ಪಳಗಿದ ಟ್ರೈನರ್‌ಗಳೇ ಇದ್ರು, ಆದ್ರೂ ಬರೀ ಬಹುಮಾನ ಕೊಟ್ಟು ಕಲಿಸಿದ ಗುಂಪಿಗಿಂತ ಒಂದು ಚೂರೂ ಮುಂದೆ ಹೋಗ್ಲಿಲ್ಲ. ಅದೇ ವರ್ಷ ಪೋರ್ಚುಗಲ್‌ನ 92 ನಾಯಿಗಳ ಮೇಲೆ ಇನ್ನೊಂದು ಅಧ್ಯಯನ ಬಂತು, ಹೊಡೆದು ಗದರಿಸೋ ಶಾಲೆಗಳ ನಾಯಿಗಳ ಎಂಜಲಲ್ಲಿ ಕ್ಲಾಸ್ ಆದ್ಮೇಲೆ ಸ್ಟ್ರೆಸ್ ಹಾರ್ಮೋನ್ ಜಾಸ್ತಿ ಆಗಿತ್ತು. ನನಗೆ ಹಿಡಿಸಿದ್ದು ಅದರದ್ದೇ ಇನ್ನೊಂದು ಪ್ರಯೋಗ. ರೂಮಿನ ಒಂದು ಕಡೆ ಇಟ್ಟ ಬಟ್ಟಲಲ್ಲಿ ಯಾವಾಗ್ಲೂ ತಿಂಡಿ, ಇನ್ನೊಂದು ಕಡೆದು ಯಾವಾಗ್ಲೂ ಖಾಲಿ, ಇದು ನಾಯಿಗೆ ಗೊತ್ತಾದ್ಮೇಲೆ ಬಟ್ಟಲನ್ನ ನಡುಮಧ್ಯೆ ಇಟ್ಟು ನೋಡಿದ್ರು. ಪ್ರೀತೀಲಿ ಕಲಿತ ನಾಯಿ ಇದ್ರೂ ಇರ್ಬಹುದು ಅಂತ ಬೇಗ ಓಡುತ್ತೆ, ಏಟಲ್ಲಿ ಕಲಿತದ್ದು ನಿಧಾನ ಮಾಡುತ್ತೆ. ಕ್ಲಾಸಲ್ಲಿ ತಿಂದ ಏಟು ಕ್ಲಾಸಲ್ಲೇ ಮುಗಿಯಲ್ಲ ಅಂತಾಯ್ತಲ್ಲ. ಮತ್ತೆ ಗುರ್ ಅಂದಿದ್ದಕ್ಕೆ ಶಿಕ್ಷೆ ಕೊಟ್ರೆ ನಾಯಿಯ ಸಿಟ್ಟು ಹೋಗಲ್ಲ, ಗುರ್ ಅನ್ನೋದು ಹೋಗುತ್ತೆ. ಮುಂದಿನ ಸಲ ಎಚ್ಚರಿಕೆ ಇಲ್ದೆ ನೇರ ಹಲ್ಲು.

ಹಾಗಾದ್ರೆ ಟ್ರೈನರ್‌ನ ಕೇಳೋದೇನು? ನಾನಾದ್ರೆ ಮೊದಲು, ನಾಯಿ ಇಲ್ದೆ ಬರೀ ನಾನು ಬಂದು ನಿಮ್ಮ ಒಂದು ಕ್ಲಾಸ್ ನೋಡ್ಲಾ ಅಂತ ಕೇಳ್ತೀನಿ. ಬನ್ನಿ ಅಂದ್ರೆ ಅರ್ಧ ಕೆಲ್ಸ ಮುಗೀತು. ಹೋದಾಗ ಟ್ರೈನರ್ ಮಾತು ಕೇಳೋದಕ್ಕಿಂತ ಅಲ್ಲಿರೋ ನಾಯಿಗಳ ಮೈ ನೋಡಿ, ಮೈ ಸಡಿಲವಾಗಿದ್ಯಾ, ತಪ್ಪಾದ್ಮೇಲೂ ಮತ್ತೆ ಟ್ರೈ ಮಾಡೋಕೆ ಮುಂದೆ ಬರ್ತಿದ್ಯಾ, ಇಲ್ಲಾ ಅಲ್ಲೇ ಕಲ್ಲಾಗ್ತಿದ್ಯಾ. ಆಮೇಲೆ, ನನ್ನ ನಾಯಿ ಹೇಳಿದ್ದು ಮಾಡ್ದೇ ಇದ್ರೆ ನೀವು ಅದಕ್ಕೆ ಏನು ಮಾಡ್ತೀರಿ, ಬಿಡಿಸಿ ಹೇಳಿ ಅಂತ ಕೇಳಿ. ಕರೆಕ್ಷನ್ ಕೊಡ್ತೀವಿ, ಬ್ಯಾಲೆನ್ಸ್ ಮಾಡ್ತೀವಿ, ಎನರ್ಜಿ ತೋರಿಸ್ತೀವಿ ಅಂತ ಗಾಳಿಮಾತಾಡಿದ್ರೆ ಬಿಡ್ಬೇಡಿ, ಕೈಯಲ್ಲಿ ಏನು ಹಿಡೀತೀರಿ, ಎಲ್ಲಿ ಮುಟ್ತೀರಿ, ಅದು ನೋವಾಗುತ್ತಾ ಅಂತ ಕೇಳಿ. ಒಳ್ಳೇವ್ರು ಈ ಪ್ರಶ್ನೆಗೆ ಸಿಟ್ಟಾಗಲ್ಲ, ತಪ್ಪು ಮಾಡೋ ಚಾನ್ಸೇ ಕಮ್ಮಿ ಆಗೋ ಹಾಗೆ ಹೆಜ್ಜೆ ಸಣ್ಣದು ಮಾಡ್ತೀವಿ, ಗೇಟ್ ಹಾಕ್ತೀವಿ, ದೂರ ನಿಲ್ಲಿಸ್ತೀವಿ ಅಂತ ಏನಾದ್ರೂ ನೆಟ್ಟಗೆ ಹೇಳ್ತಾರೆ. ಇನ್ನು ನೂರಕ್ಕೆ ನೂರು ಗ್ಯಾರಂಟಿ ಅಂದ್ರೆ ಎದ್ದು ಬನ್ನಿ. ಪ್ರಾಣಿ ಹೀಗೇ ನಡ್ಕೊಳುತ್ತೆ ಅಂತ ಬರೆದುಕೊಡೋಕೆ ಯಾರಿಂದಾಗುತ್ತೆ, ನಮ್ಮನೆ ಮನುಷ್ಯರದ್ದೇ ಬರ್ಕೊಡೋಕಾಗಲ್ಲ.

ಟ್ರೈನರ್‌ಗಳ ಕಡೆಯಿಂದಾನೂ ಒಂದು ಮಾತು ಹೇಳ್ಬೇಕು, ಅವರ ಗೋಳೂ ಸುಳ್ಳಲ್ಲ. ಜನ ಫೋನ್ ಮಾಡೋದೇ ಕಚ್ಚಿದ್ಮೇಲೆ. ನಾಯಿಮರಿ ಹೊಸ ಜನ, ಹೊಸ ಸದ್ದು, ಹೊಸ ಜಾಗಕ್ಕೆ ಸುಲಭವಾಗಿ ಒಗ್ಗಿಕೊಳ್ಳೋದು ಸುಮಾರು 3 ವಾರದಿಂದ 12-14 ವಾರದ ಒಳಗೆ, ಅಮೆರಿಕದಲ್ಲಿ ಸ್ಕಾಟ್ ಮತ್ತೆ ಫುಲ್ಲರ್ ಅನ್ನೋ ಸಂಶೋಧಕರು ವರ್ಷಗಟ್ಟಲೆ ಕೆಲ್ಸ ಮಾಡಿ 1965ರಲ್ಲೇ ಇದನ್ನ ತೋರಿಸಿಕೊಟ್ರು. ನಾವು ಅದನ್ನ ಬಾಲ್ಕನೀಲಿ ಬೆಳೆಸಿ ವರ್ಷ ತುಂಬಿದ್ಮೇಲೆ ಎಲ್ರನ್ನ ನೋಡಿ ಬೊಗಳುತ್ತೆ ಎರಡು ಕ್ಲಾಸಲ್ಲಿ ಸರಿ ಮಾಡಿ ಅಂತೀವಿ. ದಿನಾ ಐದೈದು ನಿಮಿಷ ಮಾಡಿ ಅಂದ ಹೋಂವರ್ಕ್ ಮಾಡಲ್ಲ. ಒಬ್ರು ಹಾರ್ಬೇಡ ಅಂತಾರೆ, ಇನ್ನೊಬ್ರು ಹಾರಿದಾಗ್ಲೇ ಮುದ್ದು ಮಾಡ್ತಾರೆ. ಬೊಗಳೋದಕ್ಕೆ ಗಮನ ಕೊಡೋದು ನಿಲ್ಸಿದಾಗ ಅದು ಮೊದಲು ಇನ್ನೂ ಜೋರಾಗುತ್ತೆ, ಇಷ್ಟು ದಿನ ಕೆಲ್ಸ ಮಾಡ್ತಿದ್ದದ್ದು ಈಗ್ಯಾಕೆ ಮಾಡ್ತಿಲ್ಲ ಅಂತ, ಆಮೇಲೇ ಇಳಿಯೋದು, ಅದು ಜೋರಾದ ದಿನಾನೇ ನಾವು ಸೋತು ಟ್ರೀಟ್ ಎಸೆದ್ರೆ ಜೋರಾಗಿ ಬೊಗಳ್ಬೇಕು ಅಂತಾನೇ ಹೇಳ್ಕೊಟ್ಟಂಗೆ. ಇದನ್ನ ಮೊದಲೇ ಹೇಳಿ ಆ ವಾರ ಫೋನಲ್ಲಿ ಧೈರ್ಯ ತುಂಬೋ ಟ್ರೈನರ್ ಸಿಕ್ರೆ ಬಿಡ್ಬೇಡಿ. ಮತ್ತೆ ಎಲ್ಲಾನೂ ಟ್ರೈನರ್ ಕೈಲಾಗೋದೂ ಅಲ್ಲ. ಒಂಟಿ ಬಿಟ್ರೆ ಬಾಗಿಲು ಕೆರೆದು ಉಗುರಲ್ಲಿ ರಕ್ತ ಬರಿಸ್ಕೊಳ್ಳೋ ನಾಯಿಗೆ ವೆಟ್ ಹತ್ರ ಔಷಧಿ ಇದೆ, ಫ್ಲುಯೊಕ್ಸೆಟಿನ್‌ನ ಇದಕ್ಕೇ ಅಂತ ಟ್ರೈನಿಂಗ್ ಜೊತೆ ಕೊಡೋಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಒಪ್ಪಿಗೆ ಕೊಟ್ಟಿದೆ. ಇದು ನನ್ನ ಕೈ ಮೀರಿದ್ದು ವೆಟ್ ಹತ್ರ ಹೋಗಿ ಅಂತ ಟ್ರೈನರ್ ಹೇಳಿದ್ರೆ ಅವ್ರಿಗೆ ಬರಲ್ಲ ಅಂತ ಅಂದ್ಕೋಬೇಡಿ, ಅಂಥೋರನ್ನೇ ನಂಬೋದು.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು, ಮುಂದಿನ ಸಲ ಇಂಥ ಲೇಖನ ಹಾಕುವಾಗ ಒಬ್ಬ ಪಶುವೈದ್ಯರಿಗೆ ತೋರಿಸಿ ಹಾಕಿ, ಮತ್ತೆ ಆ ಆಲ್ಫಾ ವಿಷ್ಯಕ್ಕೆ, ನೆಲಕ್ಕೆ ಉರುಳಿಸೋ ಸಲಹೆಗೆ ಒಂದು ತಿದ್ದುಪಡಿ ಹಾಕಿ, ಸಣ್ಣಕ್ಷರದಲ್ಲಾದ್ರೂ ಪರವಾಗಿಲ್ಲ. ಆ ಲೇಖನ ಓದಿ ಈಗಾಗ್ಲೇ ನಾಯೀನ ಎಲ್ಲಾದ್ರೂ ಬಿಟ್ಟು ಬಂದಿರೋ ಓದುಗರಿದ್ರೆ, ಇವತ್ತೇ ಫೋನ್ ಮಾಡಿ ನಾಳೆ ಟ್ರೈನಿಂಗ್ ಟೈಮಲ್ಲಿ ಬಂದು ಕೂತು ನೋಡ್ತೀನಿ ಅನ್ನಿ. ಬನ್ನಿ ಅಂದ್ರೆ ಹೋಗಿ, ನಿಮ್ಮ ಕೈಗೂ ಆ ಪಾಠ ಹೇಳ್ಕೊಡಿ ಅಂತ ಕೇಳಿ. ಬೇಡ ಡಿಸ್ಟರ್ಬ್ ಆಗುತ್ತೆ ಅಂದ್ರೆ ಬೆಲ್ಟ್ ತಗೊಂಡು ಹೋಗಿ ನಾಯೀನ ಮನೆಗೆ ಕರ್ಕೊಂಡು ಬನ್ನಿ, ಕೊಟ್ಟ ದುಡ್ಡು ವಾಪಸ್ ಬರದಿದ್ರೂ ಹೋಗ್ಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು